ಪದಚರ್ಚೆ: ಹಳೆಯ ಸೈಕಲ್ಲಿಗೆ ‘ಪುರಾತನ’ ಎನ್ನಬಹುದೇ? (ಫಲಕಕ್ಕೆ, ಗುರುವಾರದೊಳಗೆ)

ಸು. ರಾ., ಮೈಸೂರು

ಎಲ್ಲರಿಗೂ ನಮಸ್ಕಾರ. ಹಳೆಯ ಸೈಕಲ್ಲುಗಳ ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ಗುರುವಾರ ಅಚ್ಚಿಗೆ ಕೊಡಬೇಕು. ಇಂಗ್ಲಿಷ್ ಕರಡಿನಲ್ಲಿ ಆಂಟಿಕ್, ಪ್ಯಾಟಿನಾ (ಕಾಲ ಕಳೆದಂತೆ ಮೇಲ್ಮೈಗೆ ಬರುವ ಬಣ್ಣ, ಮೆರುಗು), ರೀಸ್ಟೋರ್, ಫ್ರೇಮ್ ನಂಬರ್ ಎಂದಿದೆ. ನಾನು ಬರೆದದ್ದು:

“1952ರ ಪುರಾತನ ರ‍್ಯಾಲಿ ಸೈಕಲ್. ಚೌಕಟ್ಟಿನ ಮೇಲೆ ಕೆತ್ತಿದ ಸಂಖ್ಯೆ ಇದೆ. ಮೂಲ ಕಿಲುಬು ಉಳಿದಿದೆ. ಜೀರ್ಣೋದ್ಧಾರವಾಗಿಲ್ಲ. ಮೌಲ್ಯಯುತ.”

ರಾಡ್ ಬ್ರೇಕು, ಮೂರು ಗೇರಿನ ಹಿಂದಿನ ಹಬ್ಬು (ಚಕ್ರದ ನಡುಭಾಗ), ತೊಗಲಿನ ಸೀಟು, ಮುಂದೆ ಇಂಗ್ಲೆಂಡಿನ ರ‍್ಯಾಲಿ ಕಂಪನಿಯ ಗುರುತಾದ ಬಕಪಕ್ಷಿಯ ಬಿಲ್ಲೆ ಇವೆ. ವರ್ಷ ಸಿಕ್ಕಿದ್ದು ಹಬ್ಬಿನ ಮೇಲಿನ ‘ಎ.ಡಬ್ಲ್ಯೂ. 52 9’ ಎಂಬ ಗುರುತಿನಿಂದ. ತಿದ್ದಿ ಕೊಡಿ.

ವೀ. ಹಿ., ಧಾರವಾಡ

‘ಪುರಾತನ’ ಬೇಡವೇ ಬೇಡ. ಕನ್ನಡದಲ್ಲಿ ಪುರಾತನರೆಂದರೆ ಅರುವತ್ತುಮೂವರು ಶಿವಭಕ್ತರು. ಆ ಪದಕ್ಕೆ ಇರುವ ಭಾರವನ್ನು 1952ರ ಕಬ್ಬಿಣದ ಮೇಲೆ ಹೇರಬೇಡಿ. ‘ಹಳೆಯ’ ಇದೆಯಲ್ಲ! ಪೞ, ಪೞೆಯ, ಹಳೆಯ. ತಮಿಳಿನಲ್ಲಿ ಇಂದಿಗೂ ಪೞೈಯ. ಈ ೞಕಾರ ಕಳೆದುಹೋಗದಿರಲಿ ಎಂದೇ ವ್ಯಾಕರಣಕಾರ ಕೇಶಿರಾಜ ರಳ (ೞ), ಕುಳ (ಳ) ಇವುಗಳನ್ನು ಬೇರೆಬೇರೆಯಾಗಿ ಎಣಿಸಿಟ್ಟ. ‘ಹಳಗಾಲದ ಸೈಕಲ್ಲು’ ಎಂದು ಬರೆಯಿರಿ, ಮುಗಿಯಿತು.

ಮಂ. ಶೆ., ಬೆಂಗಳೂರು

ಮುಗಿಯಲಿಲ್ಲ. ಆ ಸಾಲಿನಲ್ಲಿ ‘ಪುರಾತನ’ಕ್ಕಿಂತ ದೊಡ್ಡ ತಪ್ಪು ‘1952ರ’ ಎನ್ನುವುದು.

‘52 9’ ಎಂದರೆ 1952ರ ಸೆಪ್ಟೆಂಬರಿನಲ್ಲಿ ನಾಟಿಂಗ್‌ಹ್ಯಾಮ್‌ನ ಸ್ಟರ್ಮಿ-ಆರ್ಚರ್ ಕಾರ್ಖಾನೆಯಲ್ಲಿ ಆ ಹಬ್ಬು ತಯಾರಾಯಿತು. ಅಷ್ಟೇ. ಹಬ್ಬು ದಾಸ್ತಾನಿನಲ್ಲಿ ಕೆಲವು ತಿಂಗಳು ಇದ್ದು ಆಮೇಲೆ ಚಕ್ರಕ್ಕೆ ಸೇರಬಹುದು. ಹಿಂದಿನ ಚಕ್ರವನ್ನೇ ಮುಂದೆಂದೋ ಬೇರೆ ಸೈಕಲ್ಲಿನಿಂದ ತಂದು ಹಾಕಿರಲೂಬಹುದು. ಎ.ಡಬ್ಲ್ಯೂ. ಎಂಬ ಈ ಮಾದರಿಯ ಹಬ್ಬು 1936ರಿಂದ ಇದೆ, ದಶಕಗಟ್ಟಲೆ ಹೆಚ್ಚು ಬದಲಾಗದೆ ಬಂದಿದೆ. ಹಾಗಾಗಿ ಬೇರೆ ಕಾಲದ ಫ್ರೇಮಿಗೂ ಕೂರಬಹುದು.

ಬರೆಯುವ ಮೊದಲು ಇಷ್ಟು ನೋಡಿ. ಮುಂದೆ 32, ಹಿಂದೆ 40 ಕಡ್ಡಿ ಇವೆಯೇ? ಎಣಿಸಿ. ಆ ಕಾಲದ ಇಂಗ್ಲಿಷ್ ಸೈಕಲ್ಲಿನ ಲೆಕ್ಕ ಅದು. ಆದರೆ ನಮ್ಮ ದೇಶದ ಸೈಕಲ್ಲುಗಳೂ ಅದನ್ನೇ ಉಳಿಸಿಕೊಂಡವು, ಆದ್ದರಿಂದ ಇದೊಂದೇ ಸಾಲದು. ಪೆಡಲ್ ಅಚ್ಚಿನ ಕಪ್ ಬಿಚ್ಚಿ ಮರೆ (ತಿರುಪಿನ ಸುತ್ತು) ಎಣಿಸಿ. ರ‍್ಯಾಲಿಯದಾದರೆ ಇಂಚಿಗೆ 26, ಉಳಿದ ಹೆಚ್ಚಿನ ಇಂಗ್ಲಿಷ್ ಸೈಕಲ್ಲುಗಳದು 24. ಗೊತ್ತಿಲ್ಲದವರು 24ರ ಕಪ್ಪನ್ನು 26ರ ಫ್ರೇಮಿಗೆ ಬಲವಾಗಿ ತಿರುಗಿಸಿ ಮರೆ ಹಾಳು ಮಾಡಿರುತ್ತಾರೆ. ಹಾಗಾಗಿದ್ದರೆ ಬೆಲೆ ಅಲ್ಲೇ ಬಿತ್ತು. ಬಕದ ಬಿಲ್ಲೆಯೂ ಪೂರ್ತಿ ಸಾಕ್ಷಿಯಲ್ಲ, ಅದನ್ನು ಕಿತ್ತು ಇನ್ನೊಂದಕ್ಕೆ ಹೊಡೆಯುವುದು ಐದು ನಿಮಿಷದ ಕೆಲಸ. ಆಸನ್‌ಸೋಲ್‌ನ ಸೆನ್-ರ‍್ಯಾಲಿ ಕಾರ್ಖಾನೆಯ ಸೈಕಲ್ಲುಗಳೂ ಈ ಹೆಸರಿನಲ್ಲಿ ಓಡಾಡಿದವು.

ಫಲಕದಲ್ಲಿ ‘ಹಬ್ಬಿನ ಮೇಲೆ 1952ರ ಗುರುತು’ ಎಂದೇ ಇರಲಿ.

‘ಕೆತ್ತಿದ ಸಂಖ್ಯೆ’ಯೂ ತಪ್ಪು. ಕೆತ್ತಿದರೆ ಲೋಹ ಹೊರಗೆ ಬೀಳುತ್ತದೆ. ಫ್ರೇಮ್ ನಂಬರನ್ನು ಒಂದೊಂದೇ ಅಂಕಿಯ ಪಂಚು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಲೋಹ ಅತ್ತಿತ್ತ ಸರಿದು ಅಂಕಿಯ ಅಂಚು ತುಸು ಎದ್ದಿರುತ್ತದೆ, ಉಗುರಿಗೆ ತಾಗುತ್ತದೆ. ಸಾಲು ಸ್ವಲ್ಪ ಸೊಟ್ಟಗಿರುವುದು ಸಹಜ. ಅಂಚು ಸಪಾಟಾಗಿದ್ದು ಸುತ್ತ ಅರದ ಗೀರು ಕಂಡರೆ ಯಾರೋ ಹಳೆಯ ನಂಬರು ಅಳಿಸಿದ್ದಾರೆ. ಓದಲು ಸ್ಯಾಂಡ್‌ಪೇಪರ್ ಮುಟ್ಟಲೇಬೇಡಿ, ಬಣ್ಣದ ಜೊತೆ ಅಂಕಿಯೂ ಸವೆಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಸೀಮೆಸುಣ್ಣ ಸವರಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸೀಟಿನ ಕೊಳವೆ ಸೇರುವ ಕಡೆ, ಪೆಡಲ್ ಅಚ್ಚಿನ ಗೂಡಿನ ತಳ, ಹಿಂದಿನ ಚಕ್ರದ ಅಚ್ಚು ಕೂರುವ ಪಟ್ಟಿ, ಈ ಮೂರೂ ಕಡೆ ಹುಡುಕಿ.

ವೀ. ಹಿ., ಧಾರವಾಡ

ಹಾಗಾದರೆ ‘ಒತ್ತಿದ ಅಂಕಿ’.

ಪ. ಜೋ., ಬೆಳಗಾವಿ

ನಮ್ಮ ಕಡೆ ಇದಕ್ಕೆ ‘ಠಸ್ಸೆ’ ಇದೆ. ‘ಠಸ್ಸೆ ಹೊಡೆದ ನಂಬರು’ ಎಂದರೆ ಶಾಲೆಯ ಹುಡುಗನಿಗೂ ತಿಳಿಯುತ್ತದೆ.

ಇನ್ನು ‘ಕಿಲುಬು’. ಕಿಲುಬು ಹಿಡಿಯುವುದು ತಾಮ್ರಕ್ಕೆ, ಹಿತ್ತಾಳೆಗೆ, ಕಂಚಿಗೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಹಿತ್ತಾಳೆಯ ಬಿಲ್ಲೆಗಾದರೆ ಕಿಲುಬು ಸರಿ, ಇಡೀ ಸೈಕಲ್ಲಿಗೆ ಅನ್ವಯಿಸದು. ಪ್ಯಾಟಿನಾಕ್ಕೆ ‘ಕಾಲಕಾಂತಿ’ ಎನ್ನಬಹುದೇ?

ವೀ. ಹಿ., ಧಾರವಾಡ

ಠಸ್ಸೆ ಮರಾಠಿ. ಕಾಲಕಾಂತಿ ಸಂಸ್ಕೃತ. ಎರಡೂ ಬೇಡ. ‘ಹಳ’ದಿಂದಲೇ ‘ಹಳಸು’ ಬಂದಿದೆ. ‘ಹಳಸು ಮೆರುಗು’ ಎನ್ನೋಣ.

ಪ. ಜೋ., ಬೆಳಗಾವಿ

ಹಳಸುವುದು ಅನ್ನ, ಸಾರು. ಧಾತು ಒಂದೇ ಆದರೂ ಕೇಳಿದವರ ಮೂಗಿಗೆ ಬರುವುದು ವಾಸನೆ. ವ್ಯುತ್ಪತ್ತಿ ಹಿಡಿದು ಫಲಕ ಬರೆಯಲಾಗದು.

ಮಂ. ಶೆ., ಬೆಂಗಳೂರು

ಪ್ಯಾಟಿನಾಕ್ಕೆ ಒಂದೇ ಪದ ಹುಡುಕುವುದನ್ನು ಬಿಡಿ. ಕಣ್ಣಿಗೆ ಕಾಣುವುದು ಮೂರು ಬಗೆ: ಬಣ್ಣ ಮಾಸಿರುತ್ತದೆ, ತೊಗಲು ಕೂತು ಕೂತು ನುಣುಪಾಗಿರುತ್ತದೆ, ಲೇಪದ ಕೆಳಗಿನಿಂದ ತುಕ್ಕು ಚುಕ್ಕಿಚುಕ್ಕಿಯಾಗಿ ಎದ್ದಿರುತ್ತದೆ. ಲೇಪ ಯಾವುದೆಂದೂ ನೋಡಿ. ನಿಕ್ಕಲ್ಲಿನ ಹೊಳಪು ತುಸು ಹಳದಿ, ಕ್ರೋಮಿನದು ನೀಲಿ. ಕ್ರೋಮು ಬಳಕೆಗೆ ಬಂದದ್ದು 1930ರ ಆಸುಪಾಸು. ಎಲ್ಲ ಕಡೆ ನಿಕ್ಕಲ್ ಇದ್ದರೆ ಸೈಕಲ್ಲು ಅದಕ್ಕೂ ಹಿಂದಿನದಿರಬಹುದು. ಹೊಳೆಯಬೇಕಾದ ಭಾಗಗಳಿಗೂ ಕಪ್ಪು ಬಣ್ಣ ಬಳಿದಿದ್ದರೆ ಎರಡನೇ ಮಹಾಯುದ್ಧದ ಕಾಲದ್ದೇ ಎಂದು ಪರೀಕ್ಷಿಸಿ.

ಬೆಲೆ ನಿಲ್ಲುವುದು ಬಣ್ಣದ ಮೇಲೆ. ಕಾರ್ಖಾನೆಯ ಬಣ್ಣ, ಚಿನ್ನದ ಗೆರೆ, ಅಕ್ಷರದ ಟ್ರಾನ್ಸ್‌ಫರ್ (ಅಂಟಿಸಿದ ಅಚ್ಚು) ಮಾಸಿದ್ದರೂ ಉಳಿದಿದ್ದರೆ, ಹೊಸದಾಗಿ ಕಪ್ಪು ಬಳಿದು ಮಿಂಚಿಸಿದ ಸೈಕಲ್ಲಿಗಿಂತ ಬಲ್ಲವರು ಇದಕ್ಕೇ ಹೆಚ್ಚು ಕೊಡುತ್ತಾರೆ. ಮತ್ತೆ ಬಳಿದದ್ದು ಗೊತ್ತಾಗುವುದು ಸೀಟಿನ ಕ್ಲಾಂಪ್ ಸಡಿಲಿಸಿ ಅದರ ಕೆಳಗೆ ನೋಡಿದಾಗ, ನಟ್ಟಿನ ಮರೆಯೊಳಗೆ ಬಣ್ಣ ಇಳಿದಿದ್ದಾಗ, ಬಿಲ್ಲೆಯ ಅಂಚಿಗೆ ಬಣ್ಣ ಹತ್ತಿದ್ದಾಗ. ಆಮೇಲೆ ನೋಡಬೇಕಾದದ್ದು ಚೈನ್‌ಕೇಸು, ಬ್ರೇಕಿನ ರಾಡುಗಳು, ಸೀಟು. ರಾಡು ಒಂದು ಕಳೆದರೂ ಜೊತೆ ಹುಡುಕುವುದು ಕಷ್ಟ. ತೊಗಲು ಒಣಗಿ ರಿವೆಟ್ಟಿನ ಬಳಿ ಹರಿದಿದ್ದರೆ ಎಣ್ಣೆ ಸುರಿದರೂ ಕೂಡುವುದಿಲ್ಲ. ಎಣ್ಣೆ ಹೆಚ್ಚಾದರೆ ಜೋತುಬೀಳುತ್ತದೆ.

ನನ್ನ ಸಲಹೆ ‘ಅಸಲು ಬಣ್ಣ’.

ವೀ. ಹಿ., ಧಾರವಾಡ

ಅಸಲು ಅರಬ್ಬಿ! ಒಂದೊಂದೇ ಪದಕ್ಕೆ ಹೀಗೆ ಬಾಗಿಲು ತೆರೆದರೆ ಕನ್ನಡದಲ್ಲಿ ಉಳಿಯುವುದು ಪ್ರತ್ಯಯ ಮಾತ್ರ. ‘ಮೌಲ್ಯಯುತ’ವನ್ನೂ ತೆಗೆಯಿರಿ, ‘ಬೆಲೆಬಾಳುವ’ ಇದೆ. ಬೆಲೆ ನಮ್ಮದೇ, ತಮಿಳಿನ ವಿಲೈ.

ಪ. ಜೋ., ಬೆಳಗಾವಿ

‘ಅಸಲು ಬಡ್ಡಿ’ ಅನ್ನದ ಕನ್ನಡಿಗನಿಲ್ಲ. ‘ಸೈಕಲ್ಲು’ ಎಂದು ನೀವೇ ಮೊದಲ ಉತ್ತರದಲ್ಲಿ ಬರೆದಿರಿ. ಉಕಾರ ಸೇರಿಸಿ, ಲಕಾರಕ್ಕೆ ಒತ್ತು ಕೊಟ್ಟು, ‘ಸೈಕಲ್ಲಿಗೆ’ ಎಂದು ವಿಭಕ್ತಿ ಹಚ್ಚಿದ ಮೇಲೆ ಅದು ಕನ್ನಡದ ನಾಮಪದ. ಠಸ್ಸೆಗೂ ಅಸಲಿಗೂ ಅದೇ ನ್ಯಾಯ. ‘ಬೆಲೆಬಾಳುವ’ ನನಗೂ ಒಪ್ಪಿಗೆ, ಆದರೆ ಕನ್ನಡದ್ದೆಂಬ ಕಾರಣಕ್ಕಲ್ಲ. ಮೌಲ್ಯ ಎಂದರೆ ಈಗ ನೀತಿಪಾಠ ನೆನಪಾಗುತ್ತದೆ, ಅದಕ್ಕೆ.

‘ಜೀರ್ಣೋದ್ಧಾರ’ ಗುಡಿಗೆ, ಕೆರೆಗೆ. ಇಲ್ಲಿ ‘ಮತ್ತೆ ಬಣ್ಣ ಬಳಿದಿಲ್ಲ’ ಎಂದರೆ ಸಾಕು.

ಸು. ರಾ., ಮೈಸೂರು

ಎಲ್ಲರಿಗೂ ಕೃತಜ್ಞತೆ. ಕಪ್ ಬಿಚ್ಚಿಸಿ ಎಣಿಸಲಾಗಿದೆ, ಇಂಚಿಗೆ 26. ಕಡ್ಡಿ 32 ಮತ್ತು 40. ಸೀಟಿನ ಕ್ಲಾಂಪಿನ ಕೆಳಗೂ ಅದೇ ಬಣ್ಣ. ನಂಬರಿನ ಅಂಚು ಉಗುರಿಗೆ ತಾಗುತ್ತದೆ. ಈಗ ಹೀಗೆ:

“ಹಳೆಯ ರ‍್ಯಾಲಿ ಸೈಕಲ್ಲು. ಹಿಂದಿನ ಹಬ್ಬಿನ ಮೇಲೆ 1952ರ ಸೆಪ್ಟೆಂಬರಿನ ಗುರುತು. ಫ್ರೇಮಿನ ಮೇಲೆ ಠಸ್ಸೆ ಹೊಡೆದ ನಂಬರು. ಮಾಸಿದರೂ ಅಸಲು ಬಣ್ಣ; ಮತ್ತೆ ಬಳಿದಿಲ್ಲ.”

‘ಬೆಲೆಬಾಳುವ’ ಬಿಟ್ಟಿದ್ದೇನೆ. ಫಲಕದಲ್ಲಿ ಅದನ್ನು ನಾವು ಹೇಳುವ ಅಗತ್ಯವಿಲ್ಲ ಅನ್ನಿಸಿತು.

ವೀ. ಹಿ., ಧಾರವಾಡ

ಠಸ್ಸೆ, ಅಸಲು ಎರಡಕ್ಕೂ ನನ್ನ ವಿರೋಧ ಹಾಗೆಯೇ ಇದೆ.

ಮಂ. ಶೆ., ಬೆಂಗಳೂರು

ಅಚ್ಚಿನವರು ಕಳಿಸುವ ಕರಡಿನಲ್ಲಿ ‘ರ‍್ಯಾಲಿ’ ನೋಡಿಕೊಳ್ಳಿ. ಫಾಂಟ್ ಬದಲಾದರೆ ರಕಾರ ಅರ್ಕಾವೊತ್ತಾಗಿ ಯಕಾರದ ಮುಂದೆ ಹೋಗಿ ಕೂರುತ್ತದೆ, ಓದಲಾಗದು. ಆ ಫಲಕವನ್ನು ಸ್ಕ್ರೂ ಹಾಕಿ ಸೈಕಲ್ಲಿಗೇ ಬಿಗಿಯಬೇಡಿ, ಪಕ್ಕದ ಸ್ಟ್ಯಾಂಡಿಗೆ ಬಿಗಿಯಿರಿ.