‘ರಿಸ್ಕ್ ಫ್ಯಾಕ್ಟರ್’ಗೆ ಏನನ್ನೋಣ? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆ ಒಂದು ಗೋಡೆಪಟ ಅನುವಾದ ಮಾಡುತ್ತಿದ್ದೇನೆ. ಮನೆಯಲ್ಲೇ ಮಕ್ಕಳಿಗೆ ಆಗುವ ಹಿಂಸೆಯ ಬಗ್ಗೆ. ಮೂಲದಲ್ಲಿ ‘ರಿಸ್ಕ್ ಫ್ಯಾಕ್ಟರ್ಸ್’ ಅಂತ ತಲೆಬರಹ, ಅಂದರೆ ಹಿಂಸೆ ಆಗುವ ಸಂಭವ ಹೆಚ್ಚಿಸುವ ಸಂಗತಿಗಳು. ಕೆಳಗೆ ಪಟ್ಟಿ: ಅಪ್ಪನ ಕುಡಿತ, ಗಂಡ ಹೆಂಡತಿಯ ಹೊಡೆದಾಟ, ಸಾಲ, ತೀರಾ ಚಿಕ್ಕ ವಯಸ್ಸಿನ ತಾಯಿ, ಹೆರಿಗೆಯ ನಂತರದ ಖಿನ್ನತೆ, ಕಷ್ಟಕ್ಕೆ ಆಗುವವರು ಯಾರೂ ಇಲ್ಲದಿರುವುದು, ವಿಕಲಚೇತನ ಮಗು. ನಾನು ‘ಅಪಾಯಕಾರಿ ಅಂಶಗಳು’ ಅಂತ ಹಾಕಿದ್ದೆ. ಓದಿದ ಕಾರ್ಯಕರ್ತೆಯೊಬ್ಬರು ‘ಏನ್ ಮೇಡಂ, ಬಾಣಂತಿ ಅಪಾಯಕಾರಿನಾ?’ ಅಂದರು. ಅಲ್ಲಿಗೇ ನಿಂತಿದ್ದೇನೆ.

‘ಮಾಲ್‌ಟ್ರೀಟ್‌ಮೆಂಟ್’ಗೂ ಒಂದು ಪದ ಬೇಕು. ಹೊಡೆತ, ಬೈಗುಳ, ಲೈಂಗಿಕ ಕಿರುಕುಳ, ಆರೈಕೆ ಮಾಡದೆ ಬಿಡುವುದು, ನಾಲ್ಕೂ ಅದರೊಳಗೆ ಬರಬೇಕು. ‘ದೌರ್ಜನ್ಯ’ ಸಾಕಾ? ಹತ್ತು ಗಂಟೆಗೆ ಡಿಟಿಪಿಯವರಿಗೆ ಕೊಡಬೇಕು.

ಸಾಗರದಿಂದ:
‘ಕುತ್ತು’ ಇದೆಯಲ್ಲ! ಜೀವಕ್ಕೆ ಕುತ್ತು ಅಂತ ಎಲ್ಲರೂ ಅಂತಾರೆ. ‘ಕುತ್ತಿನ ಕುರುಹುಗಳು’ ಅನ್ನಿ. ಅಪಾಯ, ಅಂಶ ಎರಡೂ ಸಂಸ್ಕೃತ. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಯಲ್ಲಿ ಕಡ ಕೇಳುವುದು ಯಾಕೆ?

ಮೈಸೂರಿನಿಂದ:
ಕುರುಹು ಅಂದರೆ ಗುರುತು. ಮಗುವಿನ ಬೆನ್ನ ಮೇಲಿನ ಬಾಸುಂಡೆ ಕುರುಹು. ಅಪ್ಪನ ಕುಡಿತ ಕುರುಹಲ್ಲ, ಏಕೆಂದರೆ ಇನ್ನೂ ಏನೂ ಆಗಿಲ್ಲ. ಆಗದೆಯೂ ಇರಬಹುದು. ಈ ಸಲಹೆ ಬಿಡಿ. ಯಾರಾದರೂ ‘ಕುತ್ತಂಶ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಲ್ಲದ ಜೋಡಿಪದ.

ಇನ್ನು ದೌರ್ಜನ್ಯ. ಸುಜನನ ಭಾವ ಸೌಜನ್ಯ, ದುರ್ಜನನ ಭಾವ ದೌರ್ಜನ್ಯ. ಅದು ಗುಣದ ಹೆಸರು, ಕೆಲಸದ ಹೆಸರಲ್ಲ. ಕೂಸನ್ನು ಆರು ವರ್ಷದ ಅಕ್ಕನ ಕೈಗೆ ಕೊಟ್ಟು ಕೂಲಿಗೆ ಹೋಗುವ ತಾಯಿ ದುರ್ಜನೆಯೇ?

ಧಾರವಾಡದಿಂದ:
ಬೇರು ಅಗೆದು ನೋಡಿಯೇ ಮಾತಾಡಬೇಕು ಅಂದರೆ ಬಾಯಿ ಮುಚ್ಚಿಕೊಂಡು ಕೂಡಬೇಕಾಗುತ್ತದೆ ಮೇಷ್ಟ್ರೇ. ‘ಅವಸರ’ ಸಂಸ್ಕೃತದಲ್ಲಿ ಸಂದರ್ಭ, ನಮಗೆ ಗಡಿಬಿಡಿ. ಏನೀಗ? ಪರಿಶಿಷ್ಟ ಜಾತಿ, ಪಂಗಡದವರ ರಕ್ಷಣೆಯ 1989ರ ಕಾಯ್ದೆಯನ್ನು ಎಲ್ಲರೂ ‘ದೌರ್ಜನ್ಯ ತಡೆ ಕಾಯ್ದೆ’ ಅಂತಲೇ ಕರೆಯುತ್ತಾರೆ.

ಆದರೂ ಗೋಡೆಪಟಕ್ಕೆ ಅದು ಬೇಡ. ಕಾರಣ ಬೇರೆ. ಆ ಪದ ಕೇಳಿದರೆ ಜನಕ್ಕೆ ಪೊಲೀಸು, ಪೇಪರ್ ಸುದ್ದಿ, ಹೊರಗಿನ ಯಾವನೋ ನೆನಪಾಗುತ್ತಾನೆ. ಮನೆಯಲ್ಲಿ ಬಾರಿಸಿದ್ದು ‘ಬುದ್ಧಿ ಕಲಿಸಿದ್ದು’ ಅಷ್ಟೇ, ಅಲ್ವಾ? ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಅಧ್ಯಯನ ಪ್ರಕಟಿಸಿತು. ಅದರಲ್ಲಿ ಕರ್ನಾಟಕ ಇರಲಿಲ್ಲ. ಮನೆಯವರಿಂದ ಪೆಟ್ಟು ತಿಂದ ಮಕ್ಕಳಲ್ಲಿ 100ಕ್ಕೆ 88ಕ್ಕೂ ಜಾಸ್ತಿ ಮಂದಿಗೆ ಹೊಡೆದವರು ಹೆತ್ತವರೇ. ‘ಹಿಂಸೆ ಮತ್ತು ಕಡೆಗಣನೆ’ ಅಂತ ಎರಡು ಪದ ಇಡಿ. ಒಂದೇ ಪದದ ಹಟ ಬಿಡಿ.

ಸಾಗರದಿಂದ:
ಕಡೆಗಣನೆ ಮಾತ್ರ ಅರಿಸಮಾಸ ಅಲ್ವಾ? ಕಡೆ ಕನ್ನಡ, ಗಣನೆ ಸಂಸ್ಕೃತ. ಈಗ ಯಾಕೆ ಮೇಷ್ಟ್ರು ಸುಮ್ಮನಿದ್ದಾರೆ?

ಮೈಸೂರಿನಿಂದ:
ಸುಮ್ಮನಿಲ್ಲ, ಊಟಕ್ಕೆ ಎದ್ದಿದ್ದೆ. ಅದು ಕಡೆ + ಗಣಿಸು ಅಲ್ಲ. ಕಡೆಗಣ್ಣಿನಿಂದ ಬಂದದ್ದು. ನೇರ ನೋಡದೆ ಕಣ್ಣಂಚಿನಲ್ಲಿ ನೋಡಿ ಸಾಗುವುದು.

ಸಾಗರದಿಂದ:
ಆಧಾರ?

ಧಾರವಾಡದಿಂದ:
ಇಬ್ಬರೂ ಬೇರೆ ಎಳೆ ಶುರು ಮಾಡಿಕೊಳ್ಳಿ. ಅವರಿಗೆ ಹತ್ತು ಗಂಟೆಗೆ ಪದ ಬೇಕಾಗಿದೆ. ‘ಕಾರಣಗಳು’ ಅಂತ ಮಾತ್ರ ಹಾಕಬೇಡಿ ತಂಗಿ. ಬಡತನ ಕಾರಣ ಅಂದುಬಿಟ್ಟರೆ ಬಡವರೆಲ್ಲ ಮಕ್ಕಳನ್ನು ಬಡಿಯುತ್ತಾರೆ ಅಂತ ಆಗುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಕೂಡ ಬೇಕೆಂದೇ ಕಡೆಗಣಿಸುವುದನ್ನು ಶಿಕ್ಷೆಗೆ ಸೇರಿಸಿದೆ. ಹೆತ್ತವರು ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟಿದ್ದರೆ ಬೇಕೆಂದು ಬಿಟ್ಟದ್ದಲ್ಲ ಅಂತಲೇ ಭಾವಿಸಬೇಕು ಅನ್ನುತ್ತದೆ. ಕಾನೂನಿಗೇ ಇರುವ ಎಚ್ಚರ ನಮ್ಮ ತಲೆಬರಹಕ್ಕೆ ಬೇಡವೇ?

ತುಮಕೂರಿನಿಂದ:
ಥ್ಯಾಂಕ್ಸ್ ಅಣ್ಣ, ಮೇಷ್ಟ್ರೇ, ಎಲ್ಲರಿಗೂ. ತಲೆಬರಹ ಹೀಗೆ ಬದಲಾಯಿಸಿದೆ: ‘ಯಾವ ಮನೆಗೆ ನಮ್ಮ ಆಸರೆ ಜಾಸ್ತಿ ಬೇಕು? ಮಗುವಿಗೆ ಹಿಂಸೆ, ಕಡೆಗಣನೆ ಆಗುವ ಸಂಭವ ಎಲ್ಲಿ ಹೆಚ್ಚು?’ ಪಟ್ಟಿಯಲ್ಲಿ ‘ವಿಕಲಚೇತನ ಮಗು’ ತೆಗೆದು ‘ಹೆಚ್ಚು ಆರೈಕೆ ಬೇಕಾದ ಮಗು, ಕೈಜೋಡಿಸಲು ಇನ್ನೊಬ್ಬರಿಲ್ಲದ ತಾಯಿ’ ಅಂತ ಮಾಡಿದೆ. ಕೊನೆಗೆ ದಪ್ಪ ಅಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098.

ಮೈಸೂರಿನಿಂದ:
ಕೇಳಿದ್ದು ಪದ. ಬರೆದದ್ದು ಎರಡು ವಾಕ್ಯ.

ತುಮಕೂರಿನಿಂದ:
ಗೋಡೆ ದೊಡ್ಡದಿದೆ ಮೇಷ್ಟ್ರೇ.

ಸಾಗರದಿಂದ:
‘ಸಂಭವ’ವೂ ಸಂಸ್ಕೃತ. ಕಡೆಗಣ್ಣಿಗೆ ಆಧಾರ ಇನ್ನೂ ಬಂದಿಲ್ಲ.