ರೀಫರ್ ಟ್ರೇಲರ್ ಕಟ್ಟಿಸುವವರ ಪ್ರಶ್ನೆಗಳು, ಮೆಕ್ಯಾನಿಕ್ ಉತ್ತರಗಳು

ಅಡ್ಮಿನ್: ಸರಕನ್ನು ತಂಪಾಗಿಡುವ ರೀಫರ್ ಗಾಡಿಗಳ ಕೂಲಿಂಗ್ ಯೂನಿಟ್ ರಿಪೇರಿ, ಬಾಡಿ ಫಿಟ್ಟಿಂಗ್ ಮಾಡುವ ನಮ್ಮ ಮೆಕ್ಯಾನಿಕ್ ಅಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ವಿಜಯಪುರ ದ್ರಾಕ್ಷಿ: ನಮಸ್ಕಾರ ರೀ ಸರ. ಹೊಸ ಬಾಡಿ ಕಟ್ಟಿಸುತ್ತಿದ್ದೇವೆ. ಗೋಡೆಯೊಳಗೆ ತಂಪು ಕಾಯುವ ಫೋಮ್, ಅದೇ ಪಫ್, 60 ಎಂ.ಎಂ. ಸಾಕು ಅಂತಾರೆ, ಹೌದಾ?

ಮೆಕ್ಯಾನಿಕ್: ದ್ರಾಕ್ಷಿ ಮಾತ್ರ ಆದರೆ 80 ಹಾಕಿಸಿ. ಮುಂದೆ ಐಸ್‌ಕ್ರೀಮ್ ಲೋಡ್ ಹಿಡಿಯುವ ಯೋಚನೆ ಇದ್ದರೆ 100. ನಿಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ? ಇನ್ನೊಂದು ಮಾತು. ತೋಟದಿಂದ ಕಿತ್ತ ಹಣ್ಣನ್ನು ಬಿಸಿಯಾಗಿಯೇ ತುಂಬಬೇಡಿ. ರೀಫರ್ ಇರುವುದು ತಂಪು ಕಾಯಲಿಕ್ಕೆ, ಬಿಸಿ ಇಳಿಸಲಿಕ್ಕಲ್ಲ. ಮೊದಲು ಕೋಲ್ಡ್ ರೂಮಿನಲ್ಲಿ ಹಣ್ಣು ತಣ್ಣಗಾಗಲಿ, ಗಾಡಿಯ ಬಾಕ್ಸೂ ತಣ್ಣಗಾಗಲಿ. ಲೋಡ್ ಮಾಡುವಾಗ ಬಾಗಿಲು ತೆರೆದಿದ್ದರೆ ಯೂನಿಟ್ ಆಫ್ ಮಾಡಿ. ಇಲ್ಲದಿದ್ದರೆ ಹೊರಗಿನ ತೇವ ಎಳೆದುಕೊಂಡು ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ.

ಹಾಸನ: ಅಣ್ಣಾ, ಡೀಸೆಲ್ ಉಳಿಸಲು ರಾತ್ರಿ ಯೂನಿಟ್ ಆಫ್ ಮಾಡಬಹುದಾ?

ಮೆಕ್ಯಾನಿಕ್: ಬೇಡ.

ದೊಡ್ಡಬಳ್ಳಾಪುರ ಹೂವು: ಗುಲಾಬಿ ಜೊತೆ ಬಾಳೆಹಣ್ಣು ಒಂದೇ ಗಾಡಿಯಲ್ಲಿ ಕಳಿಸಬಹುದಾ ಸರ್?

ಮೆಕ್ಯಾನಿಕ್: ಬೇಡ. ಗುಲಾಬಿಗೆ 2ರಿಂದ 4 ಡಿಗ್ರಿ ಬೇಕು. ಬಾಳೆ 13ರ ಕೆಳಗೆ ಇಳಿದರೆ ಸಿಪ್ಪೆ ಕಪ್ಪಾಗುತ್ತದೆ. ಅದು ಬಿಡುವ ಎಥಿಲೀನ್ ಅನ್ನುವ ಮಾಗಿಸುವ ಗ್ಯಾಸ್‌ಗೆ ಹೂವೂ ಹಾಳು.

ಕಲಬುರಗಿ: ಸರ್, ಬೆಂಗಳೂರಿನಿಂದ ಔಷಧಿ ಲೋಡ್ ಸಿಕ್ಕಿದೆ. ಇನ್ಸುಲಿನ್, ಲಸಿಕೆ, 2ರಿಂದ 8 ಡಿಗ್ರಿ. ಮೊದಲು ಫ್ರೋಜನ್ ಮೀನು ಸಾಗಿಸುತ್ತಿದ್ದ ಹಳೆಯ 40 ಅಡಿ ಟ್ರೇಲರ್ ತೆಗೆದುಕೊಂಡೆ. ‘5ಕ್ಕೆ ಸೆಟ್ ಮಾಡಿ ಹೊರಡಿ, ಅಷ್ಟೇ’ ಅಂದರು ಮಾರಿದವರು. ಬೇರೆ ಏನಾದರೂ ಮಾಡಿಸಬೇಕಾ?

ಮೆಕ್ಯಾನಿಕ್: ನಿಮ್ಮ ಪ್ರಶ್ನೆ ಓದಿ ಗಾಬರಿ ಆಯಿತು. ಸಮಾಧಾನವಾಗಿ ಓದಿ.

ಎಲ್ಲರೂ ಬಿಸಿಗೆ ಹೆದರುತ್ತಾರೆ. ಇಲ್ಲಿ ಅದಕ್ಕಿಂತ ದೊಡ್ಡ ಅಪಾಯ ಹೆಪ್ಪುಗಟ್ಟುವುದು. ಡಿಪಿಟಿ, ಹೆಪಟೈಟಿಸ್ ಬಿ ಲಸಿಕೆ, ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ಬಾಟಲಿ ನೋಡಲು ಚೆನ್ನಾಗಿಯೇ ಇರಬಹುದು, ಔಷಧಿ ಮಾತ್ರ ಕೆಲಸಕ್ಕೆ ಬರುವುದಿಲ್ಲ. ಅದನ್ನು ಚುಚ್ಚಿಸಿಕೊಳ್ಳುವ ಮಗುವಿಗೆ, ತಾಯಿಗೆ ಗೊತ್ತಾಗುವುದೇ ಇಲ್ಲ.

ಹಳೆಯ ಯೂನಿಟ್‌ಗಳು ಹೆಚ್ಚಾಗಿ ಬಾಕ್ಸ್ ಸುತ್ತಿ ಯೂನಿಟ್‌ಗೆ ವಾಪಸ್ ಬರುವ ಗಾಳಿಯ ಟೆಂಪರೇಚರ್ ನೋಡಿ ನಡೆಯುತ್ತವೆ. ಡಿಸ್‌ಪ್ಲೇ 5 ತೋರಿಸುವಾಗ ಬ್ಲೋವರ್ ಬಾಯಿಂದ ಬರುವ ಗಾಳಿ ಸೊನ್ನೆಗಿಂತ ಕೆಳಗಿರಬಹುದು. ಎದುರಿಗಿರುವ ಪೆಟ್ಟಿಗೆಗಳ ಗತಿ ಏನು? ಬ್ಲೋವರ್‌ನಿಂದ ಹೊರಬರುವ ಗಾಳಿಗೆ ಕೆಳಮಿತಿ ಹಾಕಲು ನಿಮ್ಮ ಕಂಟ್ರೋಲರ್‌ನಲ್ಲಿ ಆಗುತ್ತದಾ ನೋಡಿಸಿ. ಆಗದಿದ್ದರೆ ಕಂಟ್ರೋಲರ್ ಬದಲಿಸಿ. ಔಷಧಿಗೆ ಯೂನಿಟ್ ಬಿಡದೆ ಓಡುವ ಮೋಡ್‌ನಲ್ಲಿರಬೇಕು. ನಿಂತು ನಿಂತು ಓಡಿದರೆ ಮೂಲೆಗಳಲ್ಲಿ ಏರುಪೇರು ಜಾಸ್ತಿ.

ಬಾಡಿ ಬಗ್ಗೆ. ಮೀನಿನ ಗಾಡಿ ಅಂದರೆ ದಿನಾ ನೀರು ಹೊಡೆದಿರುತ್ತಾರೆ. ಬಿರುಕಿನಿಂದ ಪಫ್ ಒಳಗೆ ನೀರು ಇಳಿದಿದ್ದರೆ ತಂಪು ನಿಲ್ಲುವುದಿಲ್ಲ. ಖಾಲಿ ಗಾಡಿಯನ್ನು ವೇ ಬ್ರಿಡ್ಜ್‌ಗೆ ಹಾಕಿ, ಕಾಗದದಲ್ಲಿರುವ ತೂಕದ ಜೊತೆ ಹೋಲಿಸಿ. ತುಂಬಾ ಜಾಸ್ತಿ ಬಂದರೆ ಪಫ್ ನೀರು ಕುಡಿದಿರಬಹುದು. ಒಳಗೆ ಒಬ್ಬರನ್ನು ನಿಲ್ಲಿಸಿ, ಬಾಗಿಲು ಹಾಕಿ, ಹೊರಗಿನಿಂದ ಟಾರ್ಚ್ ಬಿಡಿ. ಯೂನಿಟ್ ಆಫ್ ಇರಲಿ. ರಬ್ಬರ್ ಸಂದಿಯಲ್ಲಿ ಬೆಳಕು ಕಂಡರೆ ರಬ್ಬರ್ ಬದಲಿಸಿ.

ಆಮೇಲೆ ಟೆಂಪರೇಚರ್ ದಾಖಲಿಸುವ ಲಾಗರ್. ಒಂದಲ್ಲ. ಬ್ಲೋವರ್ ಹತ್ತಿರ, ಬಾಗಿಲ ಹತ್ತಿರ, ನಡುವೆ, ಮೇಲಿನ ಕೆಳಗಿನ ಮೂಲೆಗಳಲ್ಲಿ. ಎಲ್ಲವೂ ಕ್ಯಾಲಿಬ್ರೇಷನ್ ಆಗಿರಬೇಕು, ಅಂದರೆ ಅಳತೆ ಸರಿ ಇದೆ ಅಂತ ಪರೀಕ್ಷೆ ಆಗಿರಬೇಕು. ಖಾಲಿ ಒಮ್ಮೆ, ಡಮ್ಮಿ ಪೆಟ್ಟಿಗೆ ತುಂಬಿ ಒಮ್ಮೆ, ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿ ಗ್ರಾಫ್ ತೆಗೆಯಿರಿ. ಸರಕು ಗೋಡೆಗೆ ಒತ್ತಬಾರದು, ಚಾವಣಿ ಕೆಳಗಿನ ಕೆಂಪು ಗೆರೆ ದಾಟಬಾರದು. ಗ್ರಾಫ್ ಬರುವವರೆಗೆ ಲೋಡ್ ಒಪ್ಪಬೇಡಿ.

ತುಮಕೂರು: ಗುಂಪಿಗೆ ಬಂದದ್ದು: ‘ಯೂನಿಟ್ ಗ್ಯಾಸ್ ಕಡಿಮೆ ಆದರೆ ಅಡುಗೆ ಸಿಲಿಂಡರ್ ಗ್ಯಾಸ್ ತುಂಬಿಸಿ, ಕೂಲಿಂಗ್ ಡಬಲ್.’ ನಿಜಾನಾ?

ಮೆಕ್ಯಾನಿಕ್: ಅಳಿಸಿ. ಈಗಲೇ. ಲೀಕ್ ಆಗಿ ಮುಚ್ಚಿದ ಬಾಕ್ಸ್ ಒಳಗೆ ತುಂಬಿಕೊಂಡರೆ ಒಂದು ಕಿಡಿ ಸಾಕು. ಬಾಗಿಲು ತೆರೆಯುವ ಕ್ಲೀನರ್ ಹುಡುಗ ಬದುಕುವುದಿಲ್ಲ. ಅಡ್ಮಿನ್ ಫಾರ್ವರ್ಡ್ ಬೇಡ ಅಂದದ್ದು ಇದಕ್ಕೇ.

ಮೈಸೂರು: ಬೇಗ ತಣ್ಣಗಾಗಲಿ ಅಂತ −25ಕ್ಕೆ ಸೆಟ್ ಮಾಡುವುದು ಸರಿನಾ?

ಮೆಕ್ಯಾನಿಕ್: ಬೇಗ ಆಗುವುದಿಲ್ಲ. ಬಾಕ್ಸ್ ಬಿಸಿ ಇದ್ದಾಗ ಯೂನಿಟ್ ಹೇಗೂ ಪೂರ್ತಿ ಬಲದಲ್ಲೇ ಓಡುತ್ತದೆ. ಸರಕು ಮಾತ್ರ ಹೆಪ್ಪುಗಟ್ಟುತ್ತದೆ.

ಮಲ್ಪೆ ಮೀನು ಲಾರಿ: ಇಷ್ಟೆಲ್ಲ ಖರ್ಚು ಯಾಕೆ ಮಾರಾಯ್ರೆ? ಇನ್ಸುಲೇಟೆಡ್ ಬಾಡಿ, ಒಳ್ಳೆ ಐಸ್, ಸಾಕು. ನಮ್ಮ ಅಪ್ಪನ ಕಾಲದಿಂದ ಹಾಗೇ ಹೋಗುತ್ತಿದೆ.

ಕುಂದಾಪುರ: ಆ ಐಸ್ ನೀರನ್ನೆಲ್ಲ ಹೈವೇ ಮೇಲೆ ಸುರಿದುಕೊಂಡು ಹೋಗುವವರು ನೀವೇ ಅಲ್ವಾ? ಹೈವೇ 66ರಲ್ಲಿ ಬೈಕ್ ಜಾರಿ ಬಿದ್ದವರನ್ನು ಎತ್ತಿದವನು ನಾನು.

ಮಲ್ಪೆ ಮೀನು ಲಾರಿ: ಎಲ್ಲರನ್ನೂ ಸೇರಿಸಿ ಮಾತಾಡಬೇಡಿ. ನಮ್ಮ ಗಾಡಿಗೆ ಟ್ಯಾಂಕ್ ಇದೆ.

ಕುಂದಾಪುರ: ಟ್ಯಾಂಕ್ ಇದ್ದರೆ ಆಯಿತಾ? ಘಾಟಿ ಹತ್ತುವಾಗ ವಾಲ್ವ್ ಯಾರು ಬಿಚ್ಚುತ್ತಾರೆ?

ಮಲ್ಪೆ ಮೀನು ಲಾರಿ: ನೀವು ನೋಡಿದ್ದೀರಾ? ಸುಮ್ನೆ ಬಾಯಿಗೆ ಬಂದದ್ದು ಬರೆಯಬೇಡಿ.

ವಿಜಯಪುರ ದ್ರಾಕ್ಷಿ: ಇಬ್ಬರೂ ಪರ್ಸನಲ್ ಆಗಿ ಜಗಳ ಆಡಿ ರೀ. ಸಬ್ಸಿಡಿ ಬಗ್ಗೆ ಯಾರಾದರೂ ಹೇಳ್ತೀರಾ?

ಮೆಕ್ಯಾನಿಕ್: ಹಸಿ ಮೀನಿನ ವಿಷಯದಲ್ಲಿ ಮಲ್ಪೆಯವರದ್ದು ಸರಿ. ಕರಗುವ ಐಸ್ ಮೀನನ್ನು ಸೊನ್ನೆಯಲ್ಲಿ ಹಿಡಿಯುತ್ತದೆ, ಒಣಗಲೂ ಬಿಡುವುದಿಲ್ಲ. ಯೂನಿಟ್ ಇದ್ದರೆ ಐಸ್ ಕರಗುವುದು ನಿಧಾನ, ಅಷ್ಟೇ. ರಸ್ತೆಯ ವಿಷಯದಲ್ಲಿ ಕುಂದಾಪುರದವರದ್ದು ಸರಿ. ನೀರು ರಸ್ತೆಗೆ ಬಿಡುವ ಗಾಡಿಯ ಕೆಲಸವನ್ನು ನಾನು ಹಿಡಿಯುವುದಿಲ್ಲ.

ಮಲ್ಪೆ ಮೀನು ಲಾರಿ: ನಮ್ಮಲ್ಲೂ ಬೇರೆ ಮೆಕ್ಯಾನಿಕ್ ಇದ್ದಾರೆ ಬಿಡಿ.

ರಾಣೆಬೆನ್ನೂರು: ರಾತ್ರಿ ನಿಲ್ಲಿಸಿದಾಗ ಯೂನಿಟ್ ಆಫ್...

ಮೆಕ್ಯಾನಿಕ್: ಮೇಲೆ ಓದಿ. ಡೀಸೆಲ್ ಉಳಿಸಬೇಕಾದರೆ ಕರೆಂಟ್ ಸ್ಟ್ಯಾಂಡ್‌ಬೈ ಮೋಟರ್ ಇರುವ ಯೂನಿಟ್ ತೆಗೆದುಕೊಳ್ಳಿ, ನಿಂತಲ್ಲಿ ತ್ರೀ ಫೇಸ್‌ಗೆ ಹಾಕಿ.

ಕೋಲಾರ: ಹಳೆ ಯೂನಿಟ್ ಈಗ ಏನು ರೇಟಿಗೆ ಸಿಗಬಹುದು ಸರ್?

ತುಮಕೂರು: ಯೂನಿಟ್ ಕೆಟ್ಟರೆ ಡ್ರೈ ಐಸ್ ಹಾಕಿ ಊರು ಮುಟ್ಟಿಸಬಹುದು ಅಂತ ಇನ್ನೊಂದು ವಿಡಿಯೋ ಬಂದಿದೆ, ಹಾಕಲಾ?

ಮೆಕ್ಯಾನಿಕ್: ಹಾಕಬೇಡಿ! ಡ್ರೈ ಐಸ್ ಅಂದರೆ −78 ಡಿಗ್ರಿಯ ಗಟ್ಟಿ ಕಾರ್ಬನ್ ಡೈಆಕ್ಸೈಡ್. ಬಾಕ್ಸ್ ಒಳಗೆ ಆ ಗಾಳಿ ತುಂಬಿದ್ದಾಗ ಹತ್ತಿದವನು ಉಸಿರು ಸಿಗದೆ ಬೀಳುತ್ತಾನೆ. ತಾಗಿದ ಔಷಧಿಯೂ ಹೆಪ್ಪುಗಟ್ಟುತ್ತದೆ.

ಕಲಬುರಗಿ: ಸರ್, ಪಾರ್ಟಿ ನಾಳೆ ಬೆಳಿಗ್ಗೆಯೇ ಗಾಡಿ ಕೇಳುತ್ತಿದ್ದಾರೆ. ಇದೊಂದು ಟ್ರಿಪ್ ಮಾಡಿ, ಆಮೇಲೆ ಎಲ್ಲ ಮಾಡಿಸಲಾ?

ಮೆಕ್ಯಾನಿಕ್: ಬೇಡ ತಮ್ಮಾ. ಗಾಡಿ ರೆಡಿ ಇಲ್ಲ ಅಂತ ಇವತ್ತೇ ಫೋನ್ ಮಾಡಿ ಹೇಳಿ. ಬೇರೆ ಗಾಡಿ ಹುಡುಕಿಕೊಳ್ಳಲು ಅವರಿಗೂ ಹೊತ್ತು ಬೇಕು. ನಿಮ್ಮ ಗಾಡಿ ರೆಡಿ ಆಗುವವರೆಗೆ 2–8ರ ಲೋಡ್ ಬಿಟ್ಟು ಫ್ರೋಜನ್ ಬಟಾಣಿ ಹಿಡಿಯಿರಿ. ಕಂಟ್ರೋಲರ್ ಫೋಟೊ, ಮಾಡೆಲ್ ಪ್ಲೇಟ್ ಫೋಟೊ ಎರಡೂ ನನಗೆ ಕಳಿಸಿ.