ಸಹಾಯ ಬೇಕು: ಇಳಿಜಾರಿನಲ್ಲಿ ಓಡಿದರೆ ಮಾತ್ರ ಮೊಣಕಾಲು ನೋವು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ನಾವು ಕೆಲವು ಗೆಳೆಯರು ಭಾನುವಾರ ಬೆಳಿಗ್ಗೆ ಸೇರಿ ಓಡುತ್ತೇವೆ. ಸ್ಪರ್ಧೆ ಏನೂ ಇಲ್ಲ. ಹರಟೆ, ನಗು, ಕೊನೆಗೆ ಬಿಸಿ ಕಡಂಬುಟ್ಟು. ಈಚೆಗೆ ಹುರುಪು ಜಾಸ್ತಿಯಾಗಿ, ಭಾಗಮಂಡಲದಿಂದ ತಲಕಾವೇರಿಗೆ ಓಡಿ ಹತ್ತಿ, ಓಡಿಕೊಂಡೇ ಇಳಿಯೋಣ ಅಂತ ಹೊರಟೆವು. 8 ಕಿ.ಮೀ. ಏರು, ಮತ್ತೆ ಅಷ್ಟೇ ಇಳಿಜಾರು. ಹತ್ತುವಾಗ ಏದುಸಿರು ಬಂತು, ಕಾಲು ಚೆನ್ನಾಗೇ ಇತ್ತು. ಇಳಿಯುವಾಗ ಅರ್ಧ ದಾರಿಯಲ್ಲಿ ಬಲ ಮೊಣಕಾಲಿನ ಹೊರಬದಿ ಚುಚ್ಚತೊಡಗಿತು. ನಿಂತರೆ ಹೋಗುತ್ತದೆ, ಓಡಿದರೆ ಮತ್ತೆ ಅದೇ ಜಾಗ.

ಆಮೇಲೆ ಕೆಲವು ವಾರ ಓಟ ಬಿಟ್ಟೆ. ಐಸ್ ಇಟ್ಟೆ, ಹೊಸ ಶೂ ತಗೊಂಡೆ. ಊತ ಇಲ್ಲ. ಗಾಂಧಿ ಮೈದಾನದಲ್ಲಿ ಸುತ್ತು ಹಾಕಿದರೆ ನೋವೇ ಇಲ್ಲ. ಇಳಿಜಾರು ಸಿಕ್ಕಿದರೆ ಶುರು!

ಒಬ್ಬ ಗೆಳೆಯ, ಹೆಜ್ಜೆ ಚಿಕ್ಕದು ಮಾಡಿ ಬೇಗ ಬೇಗ ಇಡು ಸಾಕು ಅಂತಾನೆ. ಇನ್ನೊಬ್ಬಳು, ಸೊಂಟ ಮತ್ತು ತೊಡೆಗೆ ಬಲ ಬರುವವರೆಗೆ ಇಳಿಜಾರು ಬೇಡವೇ ಬೇಡ ಅಂತಾಳೆ. ಕೊಡಗಿನಲ್ಲಿ ಇಳಿಜಾರು ಬಿಟ್ಟು ಎಲ್ಲಿ ಓಡೋದು, ಅಲ್ವಾ? ಈ ಗುಂಪು ಬಿಟ್ಟಿರಲು ನನಗೆ ಮನಸ್ಸೇ ಇಲ್ಲ.

ಇಂಥ ನೋವು ಬಂದು ವಾಸಿಯಾದವರು ದಯವಿಟ್ಟು ಹೇಳಿ: ಚಿಕ್ಕ ಹೆಜ್ಜೆಯಲ್ಲಿ ಇಳಿಜಾರು ಓಡುತ್ತಲೇ ಸರಿಹೋಯಿತಾ, ಅಥವಾ ಇಳಿಯುವಾಗ ನಡೆದು, ಮೊದಲು ವ್ಯಾಯಾಮ ಮಾಡಬೇಕಾಯಿತಾ? ಯಾವ ವ್ಯಾಯಾಮ?